ಬೊಗಳದ ನಾಯಿಯ ಸಾಕ್ಷಿ

ಈ ವಾರ ಬಂದ ಕಾಗದಗಳ ಕಟ್ಟಿನಲ್ಲಿ ಮುಕ್ಕಾಲು ಪಾಲು ಮಾಮೂಲಿನವೇ. ಯಾವ ನಟನ ಕಟೌಟು ಎಷ್ಟು ಅಡಿ, ಯಾವ ನಟಿಗೆ ಮದುವೆ ಗೊತ್ತಾಯಿತಾ, ಮೊದಲ ದಿನ ಮೊದಲ ಆಟಕ್ಕೆ ಟಿಕೆಟ್ ಸಿಗಲು ಏನು ಉಪಾಯ... ಅವಕ್ಕೆಲ್ಲ ಉತ್ತರ ಕೊಡಲು ಪಕ್ಕದ ಪುಟದಲ್ಲಿ ಒಬ್ಬರಿದ್ದಾರೆ. ಅವರ ಹೊಟ್ಟೆಯ ಮೇಲೆ ನಾನು ಹೊಡೆಯಲಾರೆ. ಆದರೆ ಕಟ್ಟಿನ ಅಡಿಯಲ್ಲಿ ನಾಲ್ಕು ಪುಟದ ಒಂದು ಕಾಗದವಿತ್ತು. ಚನ್ನಗಿರಿ ತಾಲ್ಲೂಕಿನ ಒಬ್ಬ ಯುವಕ ಬರೆದದ್ದು. ಹೆಸರು, ಊರು ಎರಡನ್ನೂ ಹಾಕಬೇಡಿ ಅಣ್ಣಾ ಎಂದು ಎರಡು ಸಲ ಗೆರೆ ಎಳೆದು ಬೇಡಿಕೊಂಡಿದ್ದಾನೆ. ಹಾಕುವುದಿಲ್ಲ. ಆದರೆ ಅವನ ಸಂಕಟ ಅವನೊಬ್ಬನದಲ್ಲ. ಅಡಿಕೆ ಒಣಗಿಸುವ ಊರುಗಳಲ್ಲಿ ಇರುವ ನೀವೆಲ್ಲ ಓದಿ.

ಹುಡುಗನಿಗೆ ಇಪ್ಪತ್ತನಾಲ್ಕು. ದಾವಣಗೆರೆಯಲ್ಲಿ ಬೈಕ್ ಮಾರುವ ಅಂಗಡಿಯಲ್ಲಿ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಸಂತೇಬೆನ್ನೂರು ದಾರಿ ಹಿಡಿದು ಹೋದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಮನೆಯಲ್ಲಿ ಅಪ್ಪ, ಅಮ್ಮ, ಎರಡು ಎಕರೆ ಅಡಿಕೆ ತೋಟ, ಎರಡು ನಾಯಿ. ಕರಿಯ ನಾಡುನಾಯಿ, ತಾನಾಗೇ ಬಂದು ಸೇರಿಕೊಂಡದ್ದು. ಟೈಗರ್ ಮುಧೋಳ ತಳಿಯದು, ಕಾಸು ಕೊಟ್ಟು ತಂದದ್ದು. 2022ರ ಜೂನ್‌ನಲ್ಲಿ ‘777 ಚಾರ್ಲಿ’ ಬಿಡುಗಡೆಯಾಯಿತಲ್ಲ, ಅದನ್ನು ನೋಡಿ ಕಣ್ಣೊರೆಸಿಕೊಂಡು ಬಂದ ವಾರದಲ್ಲೇ ಮರಿ ತಂದನಂತೆ. (ಆ ತಿಂಗಳು ಕರ್ನಾಟಕದಲ್ಲಿ ಎಷ್ಟು ಜನ ಹೀಗೆ ಮರಿ ತಂದರೋ, ಅವುಗಳಲ್ಲಿ ಎಷ್ಟಕ್ಕೆ ಈಗ ದಿನಾ ಹೊರಗೆ ಹೋಗುವ ಭಾಗ್ಯ ಇದೆಯೋ!)

ನಾಯಿ ತಂದದ್ದೇನೋ ಆಯಿತು, ತಿರುಗಾಡಿಸೋರು ಯಾರು? ಅಪ್ಪನಿಗೆ ಮಂಡಿನೋವು, ಅಮ್ಮನಿಗೆ ಕೆಲಸ, ಇವನಿಗೆ ಬಸ್ಸು. ಆಗ ಮುಂದೆ ಬಂದವರು ಪಕ್ಕದ ಮನೆಯ ದೊಡ್ಡಪ್ಪ. ಸ್ವಂತ ದೊಡ್ಡಪ್ಪ ಅಲ್ಲ, ರಕ್ತಸಂಬಂಧ ಏನೂ ಇಲ್ಲ. ಗೋಡೆ ಸಂಬಂಧ. ಬಸ್ ಡ್ರೈವರ್ ಆಗಿ ನಿವೃತ್ತರಾದ ಮನುಷ್ಯ. ಸಕ್ಕರೆ ಕಾಯಿಲೆ, ದಿನಾ ನಡೀರಿ ಅಂತ ಡಾಕ್ಟರು ಹೇಳಿದ್ದಾರೆ. “ಹೆಂಗೂ ನಾನು ನಡೀತೀನಿ, ನಿನ್ನ ಮಕ್ಕಳನ್ನೂ ಕರ್ಕೊಂಡು ಹೋಗ್ತೀನಿ ಬಿಡಪ್ಪ” ಅಂದರಂತೆ. ಅವತ್ತಿನಿಂದ ಬೆಳಿಗ್ಗೆ ಐದೂವರೆ, ಸಂಜೆ ಆರು, ನಾಲೆ ಏರಿಯ ಮೇಲೆ ಮೂರು ಜನ. ಒಬ್ಬ ಮನುಷ್ಯ, ಎರಡು ನಾಯಿ. ಮೂರು ವರ್ಷ. ಸಂಬಳ ಇಲ್ಲ, ಸಾರಿಗೆ ಇಲ್ಲ.

ಈ ಸಲದ ಅಡಿಕೆ ಸುಗ್ಗಿಯಲ್ಲಿ ಎಡವಟ್ಟಾಯಿತು. ಬೇಯಿಸಿ ಒಣಗಿಸಿ ಚೀಲ ತುಂಬಿ ಹಿತ್ತಿಲ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಒಂದು ಬೆಳಿಗ್ಗೆ ನೋಡಿದರೆ ಒಂದು ಚೀಲ ಕಮ್ಮಿ! ಪೇಟೆಯ ಓದುಗರು ‘ಒಂದು ಚೀಲ ತಾನೇ’ ಅನ್ನಬಹುದು. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ದಾಟಿದ್ದುಂಟು. ಆ ಲೆಕ್ಕದಲ್ಲಿ ಚೀಲಕ್ಕೆ ಅರವತ್ತು ಕಿಲೋ ಹಿಡಿದರೂ ಮೂವತ್ತು ಸಾವಿರ. ನಮ್ಮ ಹುಡುಗನ ಎರಡು ತಿಂಗಳ ಸಂಬಳ.

ನಾಯಿಗಳು ಬೊಗಳಲಿಲ್ಲ. ಅಲ್ಲಿಂದ ಶುರುವಾಯಿತು ಸಿನಿಮಾ. “ನಾಯಿ ಸುಮ್ನಿದ್ವು ಅಂದ್ರೆ ಗೊತ್ತಿರೋರೇ ಬಂದಿರ್ಬೇಕು” ಅಂದರು ಯಾರೋ ನೆಂಟರು. ಆ ಮಾತಿಗೆ ಬಾಲ ಹಚ್ಚಿದವರು ಇನ್ಯಾರೋ. ಚಹಾದ ಅಂಗಡಿಯಲ್ಲಿ ಒಬ್ಬ ಕೇಳಿದ್ದಕ್ಕೆ ನಮ್ಮ ಹುಡುಗ, “ದಿನಾ ಬೆಲ್ಟು ಹಿಡಿಯೋ ಕೈನ ನೋಡಿದ್ರೆ ಅವು ಯಾಕ್ ಬೊಗಳ್ತಾವೆ?” ಅಂದುಬಿಟ್ಟ. ಅಷ್ಟಕ್ಕೇ ಬಿಡಲಿಲ್ಲ. ರಾತ್ರಿ ವಾಟ್ಸಾಪ್ ಸ್ಟೇಟಸ್ಸಿಗೆ ನಂಬಿಕೆದ್ರೋಹದ ಮೇಲಿನ ಒಂದು ಸಿನಿಮಾ ಡೈಲಾಗು ಹಾಕಿದ. ಹೆಸರು ಬರೆಯಲಿಲ್ಲ, ಊರಿಗೆಲ್ಲ ಅರ್ಥವಾಯಿತು. ದೊಡ್ಡಪ್ಪನ ಹತ್ತಿರ ಅಂಥ ಫೋನಿಲ್ಲ. ಮೊಮ್ಮಗನ ಹತ್ತಿರ ಇದೆ.

ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಅವರು ಎಂದಿನಂತೆ ಬಂದರು. ಎರಡು ಬೆಲ್ಟು, ಎರಡು ಚೈನು ಜಗಲಿಯ ಮೇಲೆ ಸುತ್ತಿ ಇಟ್ಟರು. “ಅಮ್ಮಾ, ಇವು ನಿಮ್ಮವು” ಅಂತ ಹೇಳಿ ಹೋದರು. ಆಮೇಲೆ ಈ ಕಡೆ ತಿರುಗಿ ನೋಡಿಲ್ಲ. ಹನ್ನೊಂದು ದಿನವಾಯಿತಂತೆ. ಬೆಳಗಾದರೆ ಎರಡೂ ನಾಯಿ ಕಾಂಪೌಂಡಿಗೆ ಮುಂಗಾಲು ಕೊಟ್ಟು ಆ ಕಡೆ ನೋಡಿಕೊಂಡು ಕುಂಯ್ ಕುಂಯ್ ಅನ್ನುತ್ತವೆ. ಟೈಗರ್ ಸರಿಯಾಗಿ ತಿನ್ನುತ್ತಿಲ್ಲ.

ಅವನ ಪ್ರಶ್ನೆ ಇದು: “ಅಣ್ಣಾ, ತಪ್ಪು ಮಾಡದೇ ಇದ್ದರೆ ಅವರು ಬಂದು ನೇರವಾಗಿ ಮಾತಾಡಬೇಕಿತ್ತಲ್ಲ? ಬರೋದು ಬಿಟ್ಟರು ಅಂದರೆ ಅದೇ ಸಾಕ್ಷಿ ಅಲ್ಲವಾ? ಪೊಲೀಸ್ ಕಂಪ್ಲೇಂಟ್ ಕೊಡಬೇಕು ಅಂತ ಚಿಕ್ಕಪ್ಪ ಹೇಳ್ತಾರೆ. ಕೊಡಲಾ?”

ತಮ್ಮಾ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ಟೈಗರ್‌ಗೆ ಯಾವ ತಿಂಗಳು ಯಾವ ಇಂಜಕ್ಷನ್ ಹಾಕಿಸಿದೆ, ಕರಿಯ ಯಾವ ಬಿಸ್ಕತ್ತು ತಿನ್ನುತ್ತೆ, ಎಲ್ಲ ಬರೆದಿದ್ದೀಯ. ನಾಲ್ಕು ಪುಟದಲ್ಲಿ ಎಲ್ಲಿಯೂ ಒಂದು ವಾಕ್ಯ ಸಿಗಲಿಲ್ಲ: ‘ನಾನು ದೊಡ್ಡಪ್ಪನ್ನ ಕೇಳಿದೆ’ ಅನ್ನೋದು. ನೆಂಟರನ್ನು ಕೇಳಿದ್ದೀಯ, ಚಿಕ್ಕಪ್ಪನ್ನ ಕೇಳಿದ್ದೀಯ, ಚಹಾದ ಅಂಗಡಿಯವರನ್ನು ಕೇಳಿದ್ದೀಯ, ಬೆಂಗಳೂರಿಗೆ ಅಂಚೆ ಹಾಕಿ ನನ್ನನ್ನೂ ಕೇಳಿದ್ದೀಯ. ಗೋಡೆ ಆಚೆ ಇರೋ ಮನುಷ್ಯನ್ನ ಮಾತ್ರ ಕೇಳಲಿಲ್ಲ.

ನಮ್ಮ ಸಿನಿಮಾಗಳ ಕಥೆ ಗೊತ್ತಲ್ಲ. ಇಂಟರ್‌ವಲ್‌ಗೆ ಹತ್ತು ನಿಮಿಷ ಮುಂಚೆ ನಾಯಕನಿಗೆ ನಾಯಕಿಯ ಮೇಲೆ ಅನುಮಾನ. ಅವಳು ಒಂದು ಮಾತು ಹೇಳಿದರೆ ಸಾಕು, ಅವನು ಒಂದು ಮಾತು ಕೇಳಿದರೆ ಸಾಕು. ಇಬ್ಬರೂ ಬಾಯಿ ಬಿಡೋದಿಲ್ಲ. ಗಾಂಧಿ ಕ್ಲಾಸಿನಲ್ಲಿ ಕೂತ ನಾವು “ಹೇಳಮ್ಮಾ, ಹೇಳೇ” ಅಂತ ಕೂಗ್ತೀವಿ. ಅವರು ಹೇಳಿಬಿಟ್ಟರೆ ನಿರ್ಮಾಪಕರಿಗೆ ಏಳು ರೀಲು ನಷ್ಟ! ಆದ್ದರಿಂದ ಹೇಳೋದಿಲ್ಲ. ನಿನಗೇನಪ್ಪ ನಷ್ಟ?

ಈಗ ಆ ‘ಬೊಗಳದ ನಾಯಿ’ಯ ವಿಚಾರಕ್ಕೆ ಬರೋಣ. ಇದು ನಿನ್ನ ನೆಂಟರ ತಲೆಯಲ್ಲಿ ಹುಟ್ಟಿದ ಪತ್ತೇದಾರಿಕೆ ಅಲ್ಲ. ಇಂಗ್ಲೆಂಡಿನ ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ‘ಸಿಲ್ವರ್ ಬ್ಲೇಜ್’ ಅನ್ನೋ ಕಥೆ ಬರೆದರು. ಷರ್ಲಾಕ್ ಹೋಮ್ಸ್ ಕಥೆ. ಲಾಯದಿಂದ ಒಂದು ರೇಸ್ ಕುದುರೆ ರಾತ್ರೋರಾತ್ರಿ ಮಾಯವಾಗುತ್ತೆ, ಅದರ ತರಬೇತುದಾರ ಹೊರಗೆ ಬಯಲಲ್ಲಿ ಸತ್ತು ಬಿದ್ದಿರುತ್ತಾನೆ. ಲಾಯದ ನಾಯಿ ಮಾತ್ರ ಆ ರಾತ್ರಿ ಬೊಗಳಿಲ್ಲ. ಬಂದವನು ನಾಯಿಗೆ ಚೆನ್ನಾಗಿ ಗೊತ್ತಿದ್ದವನೇ ಅಂತ ಹೋಮ್ಸ್ ಗುಟ್ಟು ಬಿಡಿಸುತ್ತಾನೆ. ಆಮೇಲೆ ಲೋಕದ ಎಲ್ಲ ಪತ್ತೇದಾರಿ ಕಥೆಗಾರರೂ ಆ ನಾಯಿಯನ್ನು ಎರವಲು ತಂದರು. ಸರಿ. ಆದರೆ ಆ ಕಥೆಯಲ್ಲಿ ಕಳ್ಳ ಯಾರು ಗೊತ್ತೇನು? ಪಕ್ಕದ ಮನೆಯವನಲ್ಲ. ಆ ಲಾಯದ ತರಬೇತುದಾರನೇ! ಯಜಮಾನನ ಅನ್ನ ತಿನ್ನೋ ಸ್ವಂತ ಮನುಷ್ಯ. ತಾನೇ ಕುದುರೆಯನ್ನು ಹೊರಗೆ ಕರಕೊಂಡು ಹೋಗಿ ಅದರ ಕಾಲು ಕೆಡಿಸಲು ಹೋಗಿ ಒದೆಸಿಕೊಂಡು ಸತ್ತ. ಪೊಲೀಸರು ಆಗಲೇ ಹಿಡಿದು ಒಳಗೆ ಹಾಕಿದ್ದವನು ಹೊರಗಿನವನು, ಆ ಕೊಲೆ ಕಳವು ಎರಡರಲ್ಲೂ ನಿರಪರಾಧಿ. ನಾಯಿಯ ಮೌನ ಅಲ್ಲಿ ಒಬ್ಬನನ್ನು ಬಿಡಿಸಿತು. ನಿಮ್ಮೂರಿನಲ್ಲಿ ಅದೇ ಮೌನದಿಂದ ಒಬ್ಬನನ್ನು ಕಟ್ಟಿಹಾಕುತ್ತಿದ್ದೀರಿ.

ಹಾಗಾಗಿ ಹೋಮ್ಸ್‌ನ ಲೆಕ್ಕದಲ್ಲೇ ಹೋಗುವುದಾದರೆ ಮೊದಲು ನಿನ್ನ ಮನೆಯ ಚೀಲ ಎಣಿಸು. ನಾನು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಸುಗ್ಗಿಯಲ್ಲಿ ಚೀಲದ ಲೆಕ್ಕ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದದ್ದು, ಯಾರದೋ ಬಾಯಲ್ಲಿ ಇದ್ದದ್ದು. ಕೈಗಡ ತೀರಿಸಲು ಅಪ್ಪ ಒಂದು ಚೀಲ ಮುಂಚೆಯೇ ಮಂಡಿಗೆ ಹಾಕಿರಬಹುದು. ಕೂಲಿಯ ಲೆಕ್ಕಕ್ಕೆ ಯಾರಿಗಾದರೂ ಹೋಗಿರಬಹುದು. ಹಸಿ ಅಡಿಕೆ ಇಷ್ಟು ಇತ್ತು, ಒಣಗಿದ ಮೇಲೆ ಇಷ್ಟಾಗಬೇಕು ಅನ್ನೋ ಅಂದಾಜೇ ತಪ್ಪಿರಬಹುದು. ತೂಕದ ಚೀಟಿ, ಮಂಡಿಯ ಪಟ್ಟಿ ತೆಗೆದು ಅಪ್ಪನ ಜೊತೆ ಕೂತು ಒಂದು ಸಲ ಕೂಡಿಸು. ಈ ಕೆಲಸವನ್ನು ನೀನು ಮಾಡಿದ್ದರೆ ಕಾಗದದಲ್ಲಿ ಬರೆಯುತ್ತಿದ್ದೆ.

ಲೆಕ್ಕ ಸರಿಯಾಗಿಯೇ ಇದೆ, ಚೀಲ ಹೋಗಿರುವುದು ನಿಜ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಒಂದು ಮಾತು ಯೋಚನೆ ಮಾಡು. ಸುಗ್ಗಿಯ ಎರಡು ಮೂರು ತಿಂಗಳು ನಿಮ್ಮ ಮನೆ ಮನೆಯಲ್ಲ, ಬಸ್ ಸ್ಟ್ಯಾಂಡು. ಗೊನೆ ಇಳಿಸೋರು ಬರ್ತಾರೆ, ಸುಲಿಯೋ ಹೆಂಗಸರು ಬರ್ತಾರೆ, ಇಲ್ಲವಾದರೆ ಸುಲಿಯೋ ಮಿಷನ್ನಿನವರು. ಚೊಗರಿನ ಹಂಡೆಗೆ ಬೆಂಕಿ ಹಾಕೋರು ರಾತ್ರಿಯೆಲ್ಲ ಅಲ್ಲೇ ಇರ್ತಾರೆ. ಕಣದಲ್ಲಿ ಅಡಿಕೆ ಕೈಯಾಡಿಸೋರು, ಮಳೆ ಬಂದರೆ ತಾಡಪಾಲು ಹೊದಿಸೋರು, ಚೀಲ ಹೊರೋರು, ಪಿಕಪ್ ಗಾಡಿಯ ಡ್ರೈವರು, ಅವನ ಜೊತೆಯ ಹುಡುಗ. ಊಟಕ್ಕೆ ಕೂತವರಲ್ಲಿ ಅರ್ಧ ಜನ ಕರಿಯನಿಗೆ ಒಂದು ರೊಟ್ಟಿಚೂರು ಎಸೆದಿರ್ತಾರೆ. ನಾಯಿಗೆ ಮೂರು ದಿನ ಸಾಕು. ನಾಲ್ಕನೇ ದಿನ ಬಾಲ ಅಲ್ಲಾಡಿಸುತ್ತೆ. ಮೊದಲ ವಾರ ಬೊಗಳಿ ಬೊಗಳಿ ಬೈಸಿಕೊಂಡ ನಾಯಿ, ‘ಸುಗ್ಗಿ ಮುಗಿಯೋ ತನಕ ಬಂದೋರೆಲ್ಲ ನಮ್ಮೋರೇ’ ಅಂತ ತೀರ್ಮಾನ ಮಾಡಿಕೊಂಡಿರುತ್ತೆ. ನಿಮ್ಮಮ್ಮನೇ ಎಷ್ಟು ಸಲ “ಸುಮ್ನಿರೋ ಕರಿಯ” ಅಂತ ಗದರಿಸಿಲ್ಲ, ಕೇಳು!

ಇನ್ನು ಟೈಗರ್ ಸಾಹೇಬರು. ಮುಧೋಳದ ನಾಯಿಗೆ ನಮ್ಮ ನಾಡಿನ ಹೆಮ್ಮೆ ಇದೆ, ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಚೀಟಿಯನ್ನೇ ತಂದಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಆ ತಳಿಗೆಂದೇ ಸಂಶೋಧನಾ ಕೇಂದ್ರವಿದೆ, ಸೈನ್ಯವೂ ಕರೆದುಕೊಂಡು ಹೋಗಿ ತರಬೇತಿ ಕೊಟ್ಟಿದೆ. ಆದರೆ ಅದು ಕಣ್ಣಿನಿಂದ ಬೇಟೆಯಾಡೋ ನಾಯಿ. ದೂರದ ಮೊಲ ಓಡಿದ್ದು ಕಂಡರೆ ಬಾಣದ ಹಾಗೆ ಹೋಗುತ್ತೆ. ಕತ್ತಲ ಕೊಟ್ಟಿಗೆಯ ಹಿಂದೆ ಸದ್ದಿಲ್ಲದೆ ಚೀಲ ಎತ್ತಿದ್ದನ್ನು ಜಗಲಿಯಲ್ಲಿ ಚೈನಿನಲ್ಲಿದ್ದುಕೊಂಡು ಅದು ಹೇಗೆ ನೋಡಬೇಕು? ಆ ರಾತ್ರಿ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಮಳೆ ಇತ್ತಾ, ಪಕ್ಕದ ಬೀದಿಯಲ್ಲಿ ಗಣಪತಿ ಮೈಕು ಹಾಡುತ್ತಿತ್ತಾ? ಏನೂ ಬರೆದಿಲ್ಲ ನೀನು. ‘ಗೋವಾದಲ್ಲಿ ಸಿ.ಐ.ಡಿ. 999’ ನೋಡಿ ಬೆಳೆದ ನಾಡಿನವನು, ರಾಜಕುಮಾರ್ ಅಷ್ಟು ತಾಪತ್ರಯಪಟ್ಟು ಸುಳಿವು ಹುಡುಕಿದ್ದನ್ನು ನೆನಪು ಮಾಡಿಕೋ. ಒಂದೇ ಸುಳಿವಿಗೆ, ಅದೂ ಆಗದೇ ಇದ್ದ ಸದ್ದಿಗೆ, ಯಾರ ಕೈಗೂ ಬೇಡಿ ಹಾಕಲಿಲ್ಲ ಅವರು.

ನನಗೆ ಕಂಡ ಮುಖ್ಯ ವಿಷಯ ಬೇರೆಯೇ ಇದೆ. ಆ ಎರಡು ನಾಯಿಗಳು ಯಾರನ್ನು ನೋಡಿದರೆ ಬೊಗಳುತ್ತವೆ, ಯಾರನ್ನು ನೋಡಿದರೆ ಬಾಲ ಅಲ್ಲಾಡಿಸುತ್ತವೆ ಅನ್ನೋದು ಈ ಲೋಕದಲ್ಲಿ ಪೂರ್ತಿ ಗೊತ್ತಿರೋದು ಒಬ್ಬರಿಗೆ. ನಿನಗಲ್ಲ, ನೀನು ರಾತ್ರಿ ಒಂಬತ್ತಕ್ಕೆ ಬರೋನು. ದಿನಕ್ಕೆ ಎರಡು ಸಲ ಊರ ಬೀದಿ, ತೋಟದ ದಾರಿ, ನಾಲೆ ಏರಿ ಎಲ್ಲ ಕಡೆ ಅವುಗಳ ಜೊತೆ ನಡೆದವರು ದೊಡ್ಡಪ್ಪ. ಆ ಗಾಡಿಯ ಹುಡುಗನ್ನ ಕಂಡರೆ ಕರಿಯ ಹತ್ತಿರ ಹೋಗುತ್ತಾ? ಗೊನೆ ಇಳಿಸೋನು ಯಾವಾಗಿನಿಂದ ಟೈಗರ್ ತಲೆ ಸವರೋ ಹಾಗಾದ? ಅವರಿಗೆ ಗೊತ್ತು. ನಿನ್ನ ಚೀಲ ಸಿಗುವ ಒಂದು ದಾರಿ ಇದ್ದರೆ ಅದು ಆ ಮನುಷ್ಯನ ನೆನಪಿನಲ್ಲಿದೆ. ನೀನು ಅವರನ್ನು ಕಳ್ಳನ ಪಾತ್ರಕ್ಕೆ ಹಾಕಿ, ಇದ್ದ ಒಬ್ಬ ಸಾಕ್ಷಿಯನ್ನೂ ಕಳೆದುಕೊಂಡೆ.

‘ಬಂದು ಮಾತಾಡಬೇಕಿತ್ತು’ ಅಂತೀಯ. ಯಾಕೆ ಬರಬೇಕು? ಮೂರು ವರ್ಷ ಕೈಯಲ್ಲಿ ಕಾಸು ಮುಟ್ಟದೆ ನಿನ್ನ ನಾಯಿ ಸಾಕಿದ ಮನುಷ್ಯ, ‘ನಾನು ಕಳ್ಳ ಅಲ್ಲಪ್ಪ’ ಅಂತ ನಿನ್ನ ಜಗಲಿಗೆ ಬಂದು ನಿಲ್ಲಬೇಕಾ? ‘ಕಸ್ತೂರಿ ನಿವಾಸ’ ನೋಡಿದ್ದೀಯಲ್ಲ. 1971ರದ್ದು, ದೊರೈ–ಭಗವಾನ್ ಅವರದ್ದು. 2014ರಲ್ಲಿ ಬಣ್ಣದಲ್ಲೂ ಬಂತು. ಪಾರಿವಾಳ ಕೇಳಲು ಮನೆಗೆ ಬಂದವಳಿಗೆ ಊಟ ಹಾಕಲಿಕ್ಕೆಂದೇ ಆ ಪಾರಿವಾಳ ಹೋಗಿಬಿಟ್ಟಿರುತ್ತೆ. ಆ ಮನುಷ್ಯ ಅದನ್ನು ಬಾಯಿಬಿಟ್ಟು ಹೇಳುವ ಜಾತಿಯವನಲ್ಲ. ನಮ್ಮ ಹಳ್ಳಿಗಳಲ್ಲಿ ಈಗಲೂ ಅಂಥವರಿದ್ದಾರೆ. ಅವರು ಸಿಟ್ಟು ಬಂದರೆ ಕೂಗಾಡೋದಿಲ್ಲ. ಬೆಲ್ಟು ಸುತ್ತಿ ಜಗಲಿ ಮೇಲೆ ಇಟ್ಟು ಹೋಗ್ತಾರೆ. ‘ಇವು ನಿಮ್ಮವು’ ಅಂದರಲ್ಲ, ಆ ಎರಡು ಮಾತಿನಲ್ಲಿ ನಿನ್ನ ಸ್ಟೇಟಸ್ಸಿಗಿಂತ ದೊಡ್ಡ ಡೈಲಾಗು ಇದೆ, ಹಿನ್ನೆಲೆ ಸಂಗೀತ ಇಲ್ಲ ಅಷ್ಟೆ.

ಒಂದು ಅನುಮಾನ ನನಗೂ ಇದೆ, ಕೋಪ ಮಾಡಿಕೋಬೇಡ. ನಿನ್ನ ಕಾಗದದ ಎರಡನೇ ಪುಟದಲ್ಲಿ, ‘ಭಾನುವಾರ ನಾನು ಕರೆದರೂ ಟೈಗರ್ ಅವರ ಕಡೆಗೇ ಓಡುತ್ತದೆ’ ಎಂದು ಬರೆದಿದ್ದೀಯ. ಕಳುವಿಗೂ ಅದಕ್ಕೂ ಏನು ಸಂಬಂಧ? ಆದರೂ ಬರೆದೆ. ಇದು ನಿನಗೆ ಬಹಳ ದಿನದಿಂದ ಚುಚ್ಚುತ್ತಿದೆ, ಚೀಲ ಹೋದದ್ದು ನೆಪ ಅಂತ ನನಗೆ ಅನ್ನಿಸಿತು. ಸಿನಿಮಾದಲ್ಲಿ ನಾಯಿ ನಾಯಕನ ಕಣ್ಣಲ್ಲಿ ಕಣ್ಣಿಟ್ಟು ನೋಡುವ ದೃಶ್ಯ ಬರುತ್ತಲ್ಲ, ಸೆಟ್ಟಿನಲ್ಲಿ ಎಷ್ಟೋ ಸಲ ಅದು ನೋಡುತ್ತಿರುವುದು ಕ್ಯಾಮೆರಾ ಪಕ್ಕ ನಿಂತ ತರಬೇತುದಾರನ ಕೈಯನ್ನು. ‘ಚಾರ್ಲಿ’ಗೂ ಪ್ರಮೋದ್ ಅಂತ ಒಬ್ಬ ತರಬೇತುದಾರರಿದ್ದರು. ಪೋಸ್ಟರಿನಲ್ಲಿ ರಕ್ಷಿತ್ ಶೆಟ್ಟಿ ಇದ್ದಾರೆ, ತರಬೇತುದಾರರ ಮುಖ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ದಿನಾ ಯಾರು ನಡೆಸುತ್ತಾರೋ ನಾಯಿ ಅವರದು. ಹಣ ಕೊಟ್ಟದ್ದು, ಹೆಸರಿಟ್ಟದ್ದು, ಫೋಟೋ ಹಾಕಿದ್ದು ಅದಕ್ಕೆ ಗೊತ್ತಾಗೋದಿಲ್ಲ. ಅದರಲ್ಲಿ ಅವಮಾನ ಏನಿದೆ? ನೀನು ಬಸ್ಸಿನಲ್ಲಿದ್ದ ಹೊತ್ತಿನಲ್ಲಿ ನಿನ್ನ ನಾಯಿಗೆ ಇನ್ನೊಬ್ಬ ಪ್ರೀತಿ ಕೊಟ್ಟ. ನನ್ನನ್ನು ಕೇಳಿದರೆ ಅದು ಅದೃಷ್ಟ.

ಕಾನೂನು ಗೊತ್ತಿರಲಿ ಅಂತ ಒಂದೆರಡು ಮಾತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1960ರಲ್ಲಿ ಕಾಯಿದೆ ಬಂತು. ಅದರ 11ನೇ ಕಲಮು, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಅದರ ಯಜಮಾನ ತಕ್ಕಷ್ಟು ಓಡಾಟ ಕೊಡದೆ ಅಸಡ್ಡೆ ಮಾಡಿದರೆ ಅದೂ ಅಪರಾಧ ಅನ್ನುತ್ತೆ. ನಗಬೇಡ, ಇದೆ ಹಾಗೆ. ಮೂರು ವರ್ಷ ಆ ಕಲಮಿನಿಂದ ನಿನ್ನನ್ನು ಕಾಪಾಡಿದವರು ಯಾರು? ಇನ್ನೊಂದು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಇನ್ನೊಬ್ಬರಿಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳದವನಿಗೆ ಅದರ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ತನ್ನ ವಶದಲ್ಲಿರುವ’ ಅಂತಿದೆ, ‘ತಾನು ಕೊಂಡ’ ಅಂತಿಲ್ಲ, ಗಮನಿಸು. ನಾಲೆ ಏರಿಯ ಮೇಲೆ ಟೈಗರ್ ಒಂದು ಮಗುವಿಗೆ ಬಾಯಿ ಹಾಕಿದ್ದರೆ ಪೊಲೀಸರು ಮೊದಲು ಕೇಳುತ್ತಿದ್ದದ್ದು ಚೈನು ಹಿಡಿದವರನ್ನು. ಆ ಹೊಣೆಯನ್ನು ಆ ವಯಸ್ಸಿನಲ್ಲಿ ಪುಗಸಟ್ಟೆ ಹೊತ್ತುಕೊಂಡು ತಿರುಗಿದ್ದಾರೆ.

ಕಂಪ್ಲೇಂಟು ಕೊಡಲಾ ಅಂತ ಕೇಳಿದ್ದಕ್ಕೆ ಉತ್ತರ: ಚೀಲ ಹೋಗಿರುವುದು ಖಚಿತವಾದರೆ ಕೊಡು. ಕಳ್ಳತನವನ್ನು ಮುಚ್ಚಿಡು ಅಂತ ನಾನು ಹೇಳೋದಿಲ್ಲ, ಇವತ್ತು ನಿನ್ನದು ಹೋಯಿತು, ನಾಳೆ ಪಕ್ಕದ ತೋಟದವನದು. ಆದರೆ ಠಾಣೆಯಲ್ಲಿ ‘ಗುಮಾನಿ ಯಾರ ಮೇಲೆ?’ ಅಂತ ಕೇಳ್ತಾರೆ. ಅಲ್ಲಿ ನಿನ್ನ ನಾಲಿಗೆ ಹಿಡಿದುಕೋ. ಕಂಡದ್ದು ಬರೆಸು: ಎಷ್ಟು ಚೀಲ, ಯಾವ ದಿನ, ಕೊಟ್ಟಿಗೆಯ ಬೀಗ ಹೇಗಿತ್ತು, ಆ ವಾರ ಕೆಲಸಕ್ಕೆ ಯಾರ್ಯಾರು ಬಂದಿದ್ದರು. ಕಾಣದ್ದನ್ನು ಬರೆಸಬೇಡ. ಬಾಯಿಂದ ಬಿದ್ದ ಮಾತನ್ನು ಹೇಗೋ ಎತ್ತಬಹುದು. ನಿವೃತ್ತನಾಗಿ ಊರಿನಲ್ಲಿ ತಲೆ ಎತ್ತಿಕೊಂಡಿರೋ ಮನುಷ್ಯನ ಹೆಸರನ್ನು ಠಾಣೆಯ ಕಾಗದದಲ್ಲಿ ಬರೆಸಿದರೆ, ನಾಳೆ ಚೀಲ ನಿಮ್ಮ ಅಟ್ಟದ ಮೇಲೆಯೇ ಸಿಕ್ಕರೂ ಆ ಮಸಿ ಹೋಗೋದಿಲ್ಲ. ಒಂದು ವೇಳೆ ಅವರೇ ತೆಗೆದಿದ್ದರೆ? ತೆಗೆದಿದ್ದರೆ ಅದನ್ನು ತೋರಿಸುವ ಸಾಕ್ಷಿ ಬೇರೆ ಏನಾದರೂ ಇರುತ್ತೆ, ಹುಡುಕೋದು ಪೊಲೀಸರ ಕೆಲಸ. ನಾಯಿ ಬೊಗಳಲಿಲ್ಲ ಅನ್ನೋದು ಸಾಕ್ಷಿಯಲ್ಲ.

ಹಾಗಾದರೆ ಈಗ ಏನು ಮಾಡೋದು? ಬರುವ ಭಾನುವಾರ ಹೋಗು. ಕತ್ತಲಾದ ಮೇಲೆ ಹಿತ್ತಿಲ ಬಾಗಿಲಿನಿಂದ ಕದ್ದು ಹೋಗಬೇಡ, ಹಗಲು ಹತ್ತು ಗಂಟೆಗೆ, ಬೀದಿಯವರು ನೋಡೋ ಹಾಗೆ ಮುಂಬಾಗಿಲಿನಿಂದ ಹೋಗು. ನಾಯಿಗಳನ್ನು ಜೊತೆಗೆ ಕರಕೊಂಡು ಹೋಗಬೇಡ. ಇದನ್ನು ಒತ್ತಿ ಹೇಳ್ತೀನಿ, ಯಾಕೆಂದರೆ ನಿನಗೆ ಆ ಯೋಚನೆ ಬಂದೇ ಬರುತ್ತೆ, ಸಿನಿಮಾ ನೋಡೋನಲ್ಲವಾ. ಟೈಗರ್ ಓಡಿ ಹೋಗಿ ಅವರ ಕಾಲು ನೆಕ್ಕೋದು, ಅವರು ಕಣ್ಣೀರು ಹಾಕೋದು, ನೀನು ಪಕ್ಕದಲ್ಲಿ ನಿಲ್ಲೋದು... ಬಲು ಚೆಂದದ ಕ್ಲೈಮ್ಯಾಕ್ಸು. ಆದರೆ ಮಾತಾಡಬೇಕಾದ್ದನ್ನು ನಾಯಿಯ ಬಾಯಲ್ಲಿ ಆಡಿಸಿದ ಹಾಗಾಗುತ್ತೆ. ಅಮ್ಮನ್ನೂ ಮುಂದೆ ಬಿಡಬೇಡ. ಚಿಕ್ಕಪ್ಪ ಬರ್ತೀನಿ ಅಂದರೆ ಬೇಡ ಅನ್ನು.

ಕೂತುಕೊಳ್ಳಿ ಅನ್ನದೇ ಇರಬಹುದು. ನಿಂತೇ ಹೇಳು: “ದೊಡ್ಡಪ್ಪ, ಚಹಾದ ಅಂಗಡೀಲಿ ನಾನು ಹಿಂಗಿಂಗೆ ಅಂದೆ. ಫೋನಲ್ಲೂ ಹಾಕಿದೆ. ನಿಮ್ಮನ್ನ ಕೇಳದೇ ಅಂದದ್ದು ತಪ್ಪು.” ಅಷ್ಟು ಸಾಕು. ‘ಯಾರೋ ತಲೆ ಕೆಡಿಸಿದರು’ ಅನ್ನಬೇಡ, ತಲೆ ನಿನ್ನದೇ. ‘ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ’ ಅನ್ನಬೇಡ. ಆಗಿದ್ರೆ ಏನು, ಆಗಿದೆ! ‘ನೀವು ತಗೊಂಡಿಲ್ಲ ಅಂತ ನನಗೆ ಗೊತ್ತು’ ಅಂತಲೂ ಶುರು ಮಾಡಬೇಡ, ಅದು ಇನ್ನೂ ಕೆಟ್ಟದ್ದು, ಪೊಲೀಸರು ಬಿಡುಗಡೆ ಪತ್ರ ಕೊಟ್ಟ ಹಾಗಿರುತ್ತೆ. ಅವರು ಬೈದರೆ ಬೈಸಿಕೋ. ಬೈಯದೆ ಸುಮ್ಮನಿದ್ದರೆ ಅದು ಹೆಚ್ಚು ಕಷ್ಟ, ಅದನ್ನೂ ತಡಕೋ. ಚಹಾ ಕೊಟ್ಟರೆ ಕುಡಿ. ಅವರ ಚಹಾಕ್ಕೆ ಸಕ್ಕರೆ ಹಾಕೋದಿಲ್ಲ, ಅದಾದರೂ ಗೊತ್ತಿರಲಿ.

ಆಮೇಲೆ ಚಹಾದ ಅಂಗಡಿಗೆ ಹೋಗು. ಮಾತು ಎಲ್ಲಿ ಬಿದ್ದಿತ್ತೋ ಅಲ್ಲಿಂದಲೇ ಎತ್ತಬೇಕು. ಅವತ್ತು ಯಾರ ಎದುರು ಅಂದೆಯೋ ಅವರ ಎದುರಿಗೇ, “ನಾನು ಅವತ್ತು ಅಂದ ಮಾತು ಸರಿ ಇರಲಿಲ್ಲ, ದೊಡ್ಡಪ್ಪನ್ನ ಕೇಳದೇ ಅಂದೆ” ಅಂತ ಹೇಳು. ಯಾರಾದರೂ ಹಲ್ಲು ಕಿರಿಯುತ್ತಾರೆ, ಕಿರಿಯಲಿ. ಸ್ಟೇಟಸ್ಸು ಇಪ್ಪತ್ತನಾಲ್ಕು ಗಂಟೆಗೆ ತಾನಾಗೇ ಅಳಿಸಿ ಹೋಗುತ್ತೆ ಅಂತ ಸಮಾಧಾನ ಮಾಡಿಕೋಬೇಡ. ಫೋನಿನಿಂದ ಹೋಯಿತು, ನೋಡಿದವರ ತಲೆಯಿಂದ ಹೋಗಿಲ್ಲ. ಅವರ ಮೊಮ್ಮಗನಿಗೂ ನೀನೇ ಹೇಳಬೇಕು. ಆ ಹುಡುಗನೇ ತಾತನಿಗೆ ಅದನ್ನು ಓದಿ ಹೇಳಿದ್ದು. ಅವನಿಗೆ ಹೇಗಾಗಿರಬೇಕು?

ನಾಯಿ ತಿರುಗಾಡಿಸುವ ಮಾತನ್ನು ಅವತ್ತು ಎತ್ತಲೇಬೇಡ. ಎತ್ತಿದರೆ ನೀನು ಬಂದದ್ದು ಕ್ಷಮೆಗಲ್ಲ, ಪುಗಸಟ್ಟೆ ಆಳಿಗೆ ಅಂತ ಅನ್ನಿಸುತ್ತೆ. ಅಲ್ಲಿಯ ತನಕ ನೀನೇ ನಾಲ್ಕೂವರೆಗೆ ಏಳು, ಬಸ್ಸಿಗೆ ಮುಂಚೆ ಅರ್ಧ ಗಂಟೆ ಎರಡನ್ನೂ ಕರಕೊಂಡು ಏರಿಯ ಮೇಲೆ ಹೋಗಿ ಬಾ. ಟೈಗರ್ ಕೈ ಎಷ್ಟು ಎಳೆಯುತ್ತೆ, ಕರಿಯ ಯಾವ ಕಂಬಕ್ಕೆಲ್ಲ ನಿಲ್ಲುತ್ತೆ, ಎದುರಿಗೆ ಕುರಿಮಂದೆ ಬಂದರೆ ಏನಾಗುತ್ತೆ, ಒಂದು ವಾರ ಅನುಭವಿಸು. ದೊಡ್ಡಪ್ಪ ಮೂರು ವರ್ಷ ಏನು ಮಾಡಿದರು ಅನ್ನೋದು ಭುಜಕ್ಕೆ ಗೊತ್ತಾಗುತ್ತೆ.

ಅವರಾಗಿ ಒಂದು ದಿನ ಕಾಂಪೌಂಡಿನ ಹತ್ತಿರ ಬಂದು ಟೈಗರ್ ತಲೆ ಮುಟ್ಟಿದರೆ ಆಮೇಲಿನ ಮಾತು ಸುಲಭ. ಆಗ ಹಿಂದಿನ ಹಾಗೆ ಬಾಯಿಮಾತಿನಲ್ಲೇ ಬಿಡಬೇಡ. ವರ್ಷ ವರ್ಷದ ರೇಬೀಸ್ ಚುಚ್ಚುಮದ್ದಿನ ಕಾರ್ಡು ಅವರ ಕೈಯಲ್ಲೂ ಒಂದು ನಕಲು ಇರಲಿ. ಯಾರಿಗಾದರೂ ನಾಯಿ ಬಾಯಿ ಹಾಕಿದರೆ ಖರ್ಚು, ಹೊಣೆ ನನ್ನದು ಅಂತ ಅಪ್ಪನ ಎದುರಿಗೇ ಹೇಳು. (ಅಂಥದ್ದು ಆದರೆ ಗಾಯವನ್ನು ಸೋಪು ಹಚ್ಚಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಅರಿಶಿನ, ಸುಣ್ಣ ಮೆತ್ತಬಾರದು. ಇದು ಎಲ್ಲ ಓದುಗರಿಗೂ.) ದುಡ್ಡು ಕೊಡಲು ಹೋಗಬೇಡ, ಅವರು ತಗೊಳ್ಳೋರಲ್ಲ. ಭಾನುವಾರ ಅವರ ಜೊತೆ ನೀನೂ ನಡಿ. ಅವರು ಬಾರದೇ ಇದ್ದರೆ? ಬರದೇ ಇರಬಹುದು, ತಮ್ಮಾ. ಮೂರು ವರ್ಷದ ನಂಬಿಕೆಯನ್ನು ಒಂದು ರಾತ್ರಿಯಲ್ಲಿ ಬಿಟ್ಟವನು ನೀನು. ಹಿಂದಕ್ಕೆ ಕೊಡೋದಕ್ಕೆ ಅವರು ಎಷ್ಟು ದಿನ ತಗೊಂಡರೂ ನಿನಗೆ ಕೇಳುವ ಹಕ್ಕಿಲ್ಲ. ಬೆಳಗಿನ ನಡಿಗೆ ನಿನ್ನದೇ ಆಗುತ್ತೆ ಅಷ್ಟೆ.

ಕಾಗದದ ಕೊನೆಗೆ ಸಣ್ಣಕ್ಷರದಲ್ಲಿ ಇನ್ನೊಂದು ಪ್ರಶ್ನೆ ಹಾಕಿದ್ದೀಯ: “ಜಾಕಿ ಶ್ರಾಫ್ ನಾಯಿ ಜೊತೆ ಮಾಡಿದ ‘ತೇರಿ ಮೆಹರ್‌ಬಾನಿಯಾ’ ಮೊದಲು ಕನ್ನಡದಲ್ಲೇ ಬಂದಿತ್ತಂತೆ, ನಿಜವಾ ಅಣ್ಣಾ?” ನಿಜ. 1984ರ ‘ತಾಳಿಯ ಭಾಗ್ಯ’. ನಾಯಕ ನಮ್ಮ ಶಂಕರ್‌ನಾಗ್. ‘ಗಂಧದ ಗುಡಿ’ಯ ವಿಜಯ್ ನಿರ್ದೇಶನ. ಮರುವರ್ಷ 1985ರಲ್ಲಿ ಅವರೇ ಅದನ್ನು ಹಿಂದಿಗೆ ತೆಗೆದುಕೊಂಡು ಹೋದರು. ನಮ್ಮ ಕಛೇರಿಯಲ್ಲಿ ಅದರ ಫೋಟೋ ಒಂದೂ ಉಳಿದಿಲ್ಲ. ಆ ಕಾಲಕ್ಕೆ ನಿಮ್ಮ ದೊಡ್ಡಪ್ಪನಿಗೆ ಏರು ಜವ್ವನ. ಟೆಂಟಿನಲ್ಲೋ ಟಾಕೀಸಿನಲ್ಲೋ ನೋಡಿರಲಿಕ್ಕೆ ಸಾಕು. ಕೇಳಿ ನೋಡು, ನಾಯಿಯ ಪಾತ್ರ ಹೇಗಿತ್ತು ಅಂತ ಅವರೇ ಹೇಳಿಯಾರು.